ಏಳುಮಲೆಯ ದೇವರಗುಡ್ಡರು

ಶಿವಭಕ್ತಿಯು ಕನ್ನಡ ನಾಡಿನಲ್ಲಿ ಎರಡು ದಾರಿಗಳಿಂದ ಹರಿದುಬಂದಿರುತ್ತದೆ. ಒಂದು ಓಲೆಗರಿಯ ದಾರಿ, ಮತ್ತೊಂದು ನಾಲಗೆಯ ದಾರಿ. ವಚನಗಳೂ ರಗಳೆಗಳೂ ಷಟ್ಪದಿಯ ಪುರಾಣಗಳೂ ಮಠಗಳ ಭಂಡಾರಗಳಲ್ಲಿ ಕಟ್ಟಿನ ಮೇಲೆ ಕಟ್ಟಾಗಿ ಉಳಿದು ಇಂದಿನವರ ಕೈಸೇರಿದವು. ಆದರೆ ಅಕ್ಷರದ ಪರಿಚಯವೇ ಇಲ್ಲದ ಸಾವಿರಾರು ಮನೆಗಳಿಗೆ ಜಂಗಮನ ಮಹಿಮೆಯನ್ನು ಮುಟ್ಟಿಸಿದವರು ಜೋಳಿಗೆಯನ್ನು ಹೆಗಲಿಗೇರಿಸಿ ಊರೂರು ತಿರುಗಿದ ಹಾಡುಗಾರರು. ಅಂತಹವರಲ್ಲಿ ಮಲೆಯ ಮಹದೇಶ್ವರನ ಗುಡ್ಡರು ಅಗ್ರಗಣ್ಯರು. ಮೈಸೂರು, ಮಂಡ್ಯ, ಚಾಮರಾಜನಗರ ಸೀಮೆಗಳಲ್ಲಿ ಕಂಸಾಳೆಯವರೆಂದು ಪ್ರಸಿದ್ಧರಾಗಿರುವ ಇವರ ಬಾಳಿನ ಕ್ರಮವನ್ನೂ ಇವರು ಕಾಪಾಡಿಕೊಂಡು ಬಂದ ಹಾಡಿನ ಚರಿತ್ರೆಯನ್ನೂ ಅರಿಯುವುದು ಶರಣಮಾರ್ಗದ ಅಭಿಮಾನಿಗಳಿಗೆ ಅವಶ್ಯವಾದ ವಿಷಯವಾಗಿದೆ.

ಮಹದೇಶ್ವರ ಬೆಟ್ಟವು ಈಗಿನ ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿ, ಕನ್ನಡ ನಾಡಿನ ದಕ್ಷಿಣದ ಅಂಚಿನಲ್ಲಿ, ತಮಿಳುನಾಡಿನ ಗಡಿಗೆ ಹೊಂದಿಕೊಂಡಿದೆ. ಸಾಲುಸಾಲಾಗಿ ಹಬ್ಬಿದ ಈ ಗುಡ್ಡಗಳನ್ನು ಹಾಡುಗಾರರು ಏಳು ಮಲೆಯೆಂದೂ ಎಪ್ಪತ್ತೇಳು ಮಲೆಯೆಂದೂ ಕರೆಯುವರು. ಆನುಮಲೆ, ಜೇನುಮಲೆ, ಪೊನ್ನಾಚಿಮಲೆ ಮೊದಲಾದ ಹೆಸರುಗಳು ಅವರ ಬಾಯಲ್ಲಿ ಸ್ತೋತ್ರದಂತೆ ಬರುತ್ತವೆ. 1799ರಲ್ಲಿ ಟಿಪ್ಪುವಿನ ಪತನವಾದ ತರುವಾಯ ಕೊಳ್ಳೇಗಾಲದ ಸೀಮೆಯು ಕಂಪನಿ ಸರ್ಕಾರದ ವಶವಾಗಿ, ಕೊಯಮತ್ತೂರು ಜಿಲ್ಲೆಯ ಒಂದು ಭಾಗವಾಯಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೂ ಅದು ಮದರಾಸಿನ ಆಡಳಿತದಲ್ಲಿಯೇ ಇದ್ದಿತು. ಆ ಬಳಿಕ ಮೈಸೂರು ಜಿಲ್ಲೆಗೆ ಸೇರಿ, 1997ರಲ್ಲಿ ಚಾಮರಾಜನಗರವು ಪ್ರತ್ಯೇಕ ಜಿಲ್ಲೆಯಾದಾಗ ಅದರ ಪಾಲಿಗೆ ಬಂದಿತು. ಹೀಗೆ ನೂರೈವತ್ತು ವರ್ಷಗಳಿಗೂ ಮೀರಿ ಕಚೇರಿಯ ಕಾಗದಪತ್ರಗಳು ಬೇರೊಂದು ಪ್ರಾಂತದವಾಗಿದ್ದರೂ ಬೆಟ್ಟದ ಹಾಡು ಮಾತ್ರ ಕನ್ನಡದ್ದಾಗಿಯೇ ನಡೆದುಬಂದಿತು. ಇದಕ್ಕೆ ಯಾವ ಅರಸನ ಆಶ್ರಯವಾಗಲಿ ಶಾಲೆಯ ಪಾಠವಾಗಲಿ ಕಾರಣವಲ್ಲ. ಗುಡ್ಡರ ಕಂಠವೇ ಕಾರಣ.

ಮಹದೇಶ್ವರನು ಇಂತಹ ವರ್ಷದಲ್ಲಿ ಜನಿಸಿದನೆಂದು ಹೇಳತಕ್ಕ ಶಾಸನಾಧಾರವಿಲ್ಲ. ಅವನು ಸುಮಾರು 15ನೆಯ ಶತಮಾನದವನೆಂದು ಹಲವರು ವಿದ್ವಾಂಸರು ಊಹಿಸಿರುತ್ತಾರೆ. ಗುಡ್ಡರ ಹಾಡಿನಲ್ಲಿ ಅವನು ಉತ್ತರಾಜಮ್ಮನ ಕಂದ, ಹುಲಿಯನ್ನೇರಿ ಮಲೆಗಳನ್ನು ತಿರುಗುವ ಮಾಯಕಾರ, ಭಿಕ್ಷೆಗೆ ಬರುವ ಜಂಗಮ. ಅವನು ಸುತ್ತೂರು ಮಠಕ್ಕೆ ಬಂದು ಅಲ್ಲಿ ರಾಗಿ ಬೀಸುವ ಕಾಯಕವನ್ನು ಮಾಡಿದನೆಂದೂ, ಕುಂತೂರು ಮಠದಲ್ಲಿದ್ದನೆಂದೂ, ಅಲ್ಲಿಂದ ಮುಂದೆ ನಡೆದು ಮಲೆಯನ್ನು ಸೇರಿದನೆಂದೂ ಪ್ರತೀತಿಯಿದೆ. ಬೆಟ್ಟದ ಸೀಮೆಯಲ್ಲಿಯೇ ಇರುವ ಸಾಲೂರು ಮಠವು ಈ ಪರಂಪರೆಗೆ ಸೇರಿದುದು. ದೇವಾಲಯದ ಪೂಜೆಯು ಲಿಂಗಧಾರಿಗಳಾದ ಬೇಡಗಂಪಣ ಕುಲದ ತಂಬಡಿಗಳಿಗೆ ಸೇರಿರುತ್ತದೆ. ಬೇಟೆಯ ಕುಲದವರೊಬ್ಬರು ಲಿಂಗವಂತರಾಗಿ ದೇವರ ಗರ್ಭಗುಡಿಯ ಸೇವೆಯನ್ನು ಪಡೆದ ಈ ಸಂಗತಿಯೊಂದೇ ಮಲೆಯಲ್ಲಿ ನಡೆದ ಧರ್ಮಪ್ರಸಾರದ ಬಗೆಯನ್ನು ತಿಳಿಸಲು ಸಾಕಾಗಿದೆ.

ಗರ್ಭಗುಡಿಯ ಒಳಗಿನ ಸೇವೆಯು ತಂಬಡಿಗಳದಾದರೆ, ಗುಡಿಯ ಹೊರಗಿನ ಸೇವೆಯು ಗುಡ್ಡರದು. ಗುಡ್ಡನೆಂದರೆ ದೇವರಿಗೆ ಒಪ್ಪಿಸಿಕೊಂಡ ಶಿಷ್ಯ. ಹಾಲುಮತ, ನಾಯಕ ಮೊದಲಾದ ಹಲವು ಕುಲಗಳಿಂದ ಇವರು ಬರುವರು. ಎಷ್ಟೋ ಮನೆಗಳಲ್ಲಿ ಮಗನೊಬ್ಬನನ್ನು ಮಾದಪ್ಪನಿಗೆ ಬಿಡುವುದು ಹರಕೆಯ ಫಲವಾಗಿರುತ್ತದೆ. ಮಕ್ಕಳಿಲ್ಲದೆ ಕೊರಗಿದ ತಾಯಿ ಬೆಟ್ಟಕ್ಕೆ ಹೊತ್ತ ಹರಕೆ, ಕಾಯಿಲೆಯಿಂದ ಉಳಿದ ಕೂಸನ್ನು ಗುಡ್ಡನನ್ನಾಗಿ ಮಾಡುವೆನೆಂದು ತಂದೆ ಆಡಿದ ಮಾತು, ಇಲ್ಲವೆ ಅಜ್ಜನಿಂದ ಇಳಿದುಬಂದ ಒಕ್ಕಲುತನ, ಇವೇ ಒಬ್ಬ ಹಾಡುಗಾರನ ಹುಟ್ಟಿಗೆ ಮೂಲ. ಕಂಠವು ಇಂಪಾಗಿದೆಯೆಂದು ಯಾರೂ ಅವನನ್ನು ಆರಿಸಿದ್ದಲ್ಲ. ಮೊದಲು ದೇವರ ಋಣ, ಅನಂತರ ಹಾಡು. ಈ ಕ್ರಮವನ್ನು ಚೆನ್ನಾಗಿ ನೆನಪಿನಲ್ಲಿಡತಕ್ಕದ್ದು. ಏಕೆಂದರೆ ಹಾಡು ಇಷ್ಟು ಶತಮಾನಗಳ ಕಾಲ ಅಳಿಯದೆ ನಿಂತುದಕ್ಕೆ ಇದೇ ಮುಖ್ಯ ಕಾರಣವಾಗಿರುತ್ತದೆ.

ದೀಕ್ಷೆಯು ಗುರುವಿನ ಸಮ್ಮುಖದಲ್ಲಿ ನಡೆಯತಕ್ಕದ್ದು. ಮಿಂದು ಮಡಿಯುಟ್ಟು ಬಂದವನ ಹಣೆಗೆ ವಿಭೂತಿಯನ್ನು ಧರಿಸಿ, ಕೊರಳಿಗೆ ರುದ್ರಾಕ್ಷಿಯನ್ನು ಕಟ್ಟಿ, ಹೆಗಲಿಗೆ ಜೋಳಿಗೆಯನ್ನೂ ಕೈಗೆ ಬೆತ್ತ ಮತ್ತು ಕಂಸಾಳೆಯನ್ನೂ ಕೊಡುವರು. ಅಂದಿನಿಂದ ಅವನು ನಿಯತವಾದ ದಿನಗಳಲ್ಲಿ ಮಾದಪ್ಪನ ಹೆಸರು ಹೇಳಿ ಮನೆಮನೆಯ ಬಾಗಿಲಿಗೆ ಭಿಕ್ಷೆಗೆ ಹೋಗಲೇಬೇಕು. ಮನೆಯಲ್ಲಿ ಹೊಲಗದ್ದೆಗಳಿದ್ದು ಉಂಡುಟ್ಟು ಸುಖವಾಗಿರುವವನಿಗೂ ಈ ನಿಯಮವು ತಪ್ಪುವುದಿಲ್ಲ. ಭಿಕ್ಷೆಯು ಅವನ ಹೊಟ್ಟೆಯ ಪಾಡಲ್ಲ, ಅದು ವ್ರತ. ‘ನನ್ನದು’ ಎಂಬ ಭಾವನೆಯನ್ನು ಬಾಗಿಲಿನಿಂದ ಬಾಗಿಲಿಗೆ ಸವೆಸುವ ಈ ಸಾಧನೆಯು ಜಂಗಮತತ್ತ್ವದ ಒಂದು ಜಾನಪದ ರೂಪವೆಂದು ಹೇಳಬಹುದಾಗಿದೆ.

ಇವರ ವಾದ್ಯವೂ ಇವರ ಬಾಳಿನಂತೆಯೇ ಸರಳವಾದುದು. ಕಂಚಿನಿಂದ ಎರಕಹೊಯ್ದ ಎರಡು ತಾಳಗಳು ಸೇರಿ ಕಂಸಾಳೆಯಾಗುವುದು. ಒಂದು ಬಟ್ಟಲಿನ ಆಕಾರದ್ದು. ಅದನ್ನು ಎಡಗೈಯಲ್ಲಿ ಹಿಡಿಯುವರು. ಮತ್ತೊಂದು ಚಪ್ಪಟೆಯಾದ ಬಿಲ್ಲೆ. ನಡುವಿನಲ್ಲಿ ದಾರವನ್ನು ಪೋಣಿಸಿ ಗೊಂಡೆಯನ್ನು ಕಟ್ಟಿರುವ ಅದನ್ನು ಬಲಗೈಯಲ್ಲಿ ಹಿಡಿದು ಬಟ್ಟಲಿನ ಮೇಲೆ ಬಡಿಯುವರು. ಕುಳಿತು ಕಥೆ ಹೇಳುವಾಗ ಈ ನಾದವು ಮೆಲ್ಲಗೆ ಮಾತಿನ ಬೆನ್ನಿಗೆ ನಡೆಯುತ್ತದೆ. ದಮ್ಮಡಿಯೂ ಏಕನಾದವೂ ಜೊತೆಗೂಡುವುವು. ಮುಖ್ಯ ಗಾಯಕನು ಕಥೆಯನ್ನು ಹಾಡಿಯೂ ಮಾತಿನಲ್ಲಿ ವಿವರಿಸಿಯೂ ಮುಂದಕ್ಕೆ ಒಯ್ಯುವನು. ಹಿಮ್ಮೇಳದವರು ಸೊಲ್ಲನ್ನು ಹಿಡಿದು ಅವನಿಗೆ ಉಸಿರಾಡಲು ಅವಕಾಶವನ್ನು ಕೊಡುವರು. ನಿಂತು ಕುಣಿಯುವಾಗ ಇದೇ ವಾದ್ಯವು ವೀರರೂಪವನ್ನು ತಾಳುವುದು. ದಾರವನ್ನು ಉದ್ದಕ್ಕೆ ಬಿಟ್ಟು, ಬಿಲ್ಲೆಯನ್ನು ತಲೆಯ ಮೇಲೂ ಬೆನ್ನ ಹಿಂದೂ ಬೀಸಿ, ಪಕ್ಕದವನ ಬಟ್ಟಲಿಗೂ ತಾಗಿಸಿ, ಬಾಗಿ ಎದ್ದು ಕುಣಿಯುವ ಈ ಬಗೆಗೆ ಬೀಸು ಕಂಸಾಳೆಯೆಂದು ಹೆಸರು.

ಹಾಡಿನ ಕಥೆಯು ಬಹು ವಿಸ್ತಾರವಾದುದು. ಅದರ ಒಂದೊಂದು ಭಾಗವನ್ನು ಗುಡ್ಡರು ‘ಸಾಲು’ ಎಂದು ಕರೆಯುವರು. ಹುಟ್ಟಿದ ಸಾಲು, ಶ್ರವಣನ ಸಾಲು, ಜುಂಜೇಗೌಡನ ಸಾಲು, ಸಂಕಮ್ಮನ ಸಾಲು, ಸರಗೂರಯ್ಯನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು ಮುಂತಾದುವು ಹೆಸರಾದವು. ಒಂದು ರಾತ್ರಿಯಲ್ಲಿ ಒಂದೆರಡು ಸಾಲುಗಳನ್ನು ಮಾತ್ರ ಹಾಡಬಹುದು. ಎಲ್ಲವನ್ನೂ ಕೇಳಬೇಕಾದರೆ ಹಲವು ರಾತ್ರಿಗಳೇ ಬೇಕು. ಹರಕೆ ಹೊತ್ತ ಮನೆಯವರು ಗುಡ್ಡರನ್ನು ಕರೆಸಿ, ದೀಪವನ್ನು ಹಚ್ಚಿ, ಧೂಪವನ್ನು ಹಾಕಿ, ಊರಿನವರೊಡನೆ ಕುಳಿತು ಬೆಳಗಿನವರೆಗೆ ಕಥೆಯನ್ನು ಕೇಳುವುದು ರೂಢಿ.

ಈ ಕಥೆಗಳಲ್ಲಿ ಬರುವ ಜನರು ಯಾರೆಂಬುದನ್ನು ಗಮನಿಸಿದರೆ ಹಾಡಿನ ಹೃದಯವು ತಿಳಿಯುತ್ತದೆ. ದೇವತೆಗಳನ್ನೂ ಸೆರೆಯಲ್ಲಿಟ್ಟ ಶ್ರವಣನೆಂಬ ದೊರೆಯನ್ನು ಸಂಹರಿಸುವ ಉಪಾಯದಲ್ಲಿ ಹರಳಯ್ಯನು ಹೊಲಿದ ಎಕ್ಕಡಕ್ಕೆ ಸ್ಥಾನವಿದೆ. ಆಲಂಬಾಡಿಯ ಜುಂಜೇಗೌಡನು ದನಕರುಗಳ ಸಿರಿವಂತ. ಮಾದಪ್ಪನಿಗೆ ಗುಡಿಯನ್ನು ಕಟ್ಟಿಸಿದವನೆಂಬ ಕೀರ್ತಿ ಅವನದು. ಕಾರಯ್ಯ ಬಿಲ್ಲಯ್ಯರು ಕಾಡಿನ ಮಕ್ಕಳು. ಮಲೆಯ ಸೋಲಿಗರು ಇಂದಿಗೂ ಕಾರಯ್ಯನನ್ನು ತಮ್ಮವನೆಂದು ಪೂಜಿಸುವರು. ಹೀಗೆ ಚಮ್ಮಾರಿಕೆ, ದನಗಾಹಿತನ, ಬೇಸಾಯ, ಜೇನುಬೇಟೆ ಮುಂತಾದ ಕಾಯಕಗಳವರೆಲ್ಲರೂ ದೇವರ ಚರಿತ್ರೆಯೊಳಗೆ ತಮ್ಮ ತಮ್ಮ ಮನೆಯ ಹೆಸರನ್ನು ಕೇಳಿ ಪುಲಕಿತರಾಗುವರು. ಕಲ್ಯಾಣದ ಶರಣರು ಕಾಯಕಕ್ಕೆ ಕೊಟ್ಟ ಗೌರವವು ಮಲೆಯ ಕಾಡಿನಲ್ಲಿ ಈ ರೂಪವನ್ನು ಪಡೆಯಿತು.

ಸಂಕಮ್ಮನ ಸಾಲನ್ನು ಕೇಳಿ ಕಣ್ಣೀರಿಡದ ತಾಯಂದಿರಿಲ್ಲ. ಗಂಡನಾದ ನೀಲೇಗೌಡನು ಕಾಡಿಗೆ ಹೊರಡುವ ಮುನ್ನ, ತಾನಿಲ್ಲದಾಗ ಪತಿವ್ರತೆಯಾಗಿರುವೆನೆಂದು ಭಾಷೆಯನ್ನು ಕೊಡಬೇಕೆಂದು ಅವಳನ್ನು ಒತ್ತಾಯಿಸುವನು. ಮನೆತನಸ್ಥರ ಮಗಳಾದ ತನ್ನನ್ನು ಹೀಗೆ ಶಂಕಿಸಿದುದೇ ಅಪಮಾನವೆಂದು ಬಗೆದ ಸಂಕಮ್ಮನು ಭಾಷೆಯನ್ನು ಕೊಡಳು. ಅವನ ಹಿಂಸೆಯನ್ನು ಸಹಿಸುವಳು, ಮಾತನ್ನು ಮಾತ್ರ ಬಿಡಳು. ಆ ಸಂಕಟದಲ್ಲಿ ಅವಳ ಬಳಿಗೆ ಬರುವವನು ಜಂಗಮರೂಪಿಯಾದ ಮಾದಪ್ಪ. ಅವನ ವರದಿಂದ ಹುಟ್ಟುವವರೇ ಕಾರಯ್ಯ ಬಿಲ್ಲಯ್ಯರು. ಶೀಲವೆಂಬುದು ಭಯದಿಂದ ಬರೆಯಿಸಿಕೊಳ್ಳತಕ್ಕ ಪತ್ರವಲ್ಲವೆಂಬ ಧರ್ಮಸೂಕ್ಷ್ಮವನ್ನು ಓದುಬರಹವಿಲ್ಲದ ಗಾಯಕರು ಓದುಬರಹವಿಲ್ಲದ ಕೇಳುಗರಿಗೆ ತಲೆತಲಾಂತರದಿಂದ ಬೋಧಿಸುತ್ತ ಬಂದಿರುವರು.

ಇಷ್ಟು ದೊಡ್ಡ ಕಾವ್ಯವನ್ನು ಗುಡ್ಡನು ಕಲಿಯುವ ಬಗೆಯೆಂತು? ಅವನು ಬಾಲ್ಯದಲ್ಲಿ ಹಿಮ್ಮೇಳದಲ್ಲಿ ನಿಲ್ಲುವನು. ಮೊದಮೊದಲು ಸೊಲ್ಲನ್ನು ಮಾತ್ರ ಹೇಳುವನು. ವರ್ಷಗಳು ಕಳೆದಂತೆ ಊರುಗಳ ಹೆಸರು, ದಾರಿಗಳ ವರ್ಣನೆ, ದೇವರ ಅಲಂಕಾರ, ಭಿಕ್ಷೆಯ ಪ್ರಸಂಗ ಇವುಗಳಿಗೆಂದೇ ಇರುವ ಕಟ್ಟುನುಡಿಗಳು ಅವನ ನಾಲಗೆಗೆ ಒಗ್ಗುವುವು. ಕೊನೆಗೆ ಹಿರಿಯನು ಆಯಾಸಗೊಂಡ ಒಂದು ರಾತ್ರಿ ಕಿರಿಯನೇ ಕಥೆಯನ್ನು ಮುಂದುವರಿಸುವನು. ಅವನು ಒಂದೊಂದು ಅಕ್ಷರವನ್ನು ಕಂಠಪಾಠ ಮಾಡಿದವನಲ್ಲ. ಕಥೆಯ ಹಾದಿಯನ್ನೂ ಕಟ್ಟುನುಡಿಗಳನ್ನೂ ಬಲ್ಲವನಾಗಿ ಪ್ರತಿ ರಾತ್ರಿಯೂ ಹೊಸದಾಗಿ ಕಟ್ಟತಕ್ಕವನು. 1930ರ ದಶಕದಲ್ಲಿ ಮಿಲ್ಮನ್ ಪ್ಯಾರಿ, ಆಲ್ಬರ್ಟ್ ಲಾರ್ಡ್ ಎಂಬ ವಿದ್ವಾಂಸರು ಯುಗೋಸ್ಲಾವಿಯ ದೇಶದ ವೀರಗಾಥೆಗಳ ಗಾಯಕರಲ್ಲಿ ಇಂತಹುದೇ ಕ್ರಮವನ್ನು ಕಂಡು ಲೋಕಕ್ಕೆ ತಿಳಿಸಿದರು. ಮಲೆಯ ಗುಡ್ಡರಿಗೆ ಅದು ಹಿಂದಿನಿಂದಲೂ ಮನೆಯ ವಿದ್ಯೆಯಾಗಿತ್ತು.

ಈ ವಿದ್ಯೆಗೆ ಪರಸೆಯೇ ಪಾಠಶಾಲೆ. ಶಿವರಾತ್ರಿ, ಯುಗಾದಿ, ಮಹಾಲಯ ಅಮಾವಾಸ್ಯೆ, ದೀಪಾವಳಿ ಇವು ಬೆಟ್ಟದ ದೊಡ್ಡ ಜಾತ್ರೆಗಳು. ದೀಪಾವಳಿಯಲ್ಲಿ ಬೇಡಗಂಪಣರ ಹೆಣ್ಣುಮಕ್ಕಳು ಹಳ್ಳದ ನೀರನ್ನು ತಲೆಯ ಮೇಲೆ ಹೊತ್ತು ತರುವ ಹಾಲರುವೆಯ ಉತ್ಸವವು ಪ್ರಸಿದ್ಧವಾದುದು. ಈ ಜಾತ್ರೆಗಳಿಗೆ ಬಯಲುಸೀಮೆಯ ಹಳ್ಳಿಗಳವರು ತಂಡತಂಡವಾಗಿ ಕಾಲ್ನಡೆಯಿಂದ ಹೊರಡುವರು. ಮೋಟಾರಿನ ದಾರಿಯಾಗುವುದಕ್ಕೆ ಮುಂಚೆ ದೂರದ ಊರಿನವರಿಗೆ ಇದು ಹಲವು ದಿನಗಳ ಪಯಣವಾಗಿದ್ದಿತು. ಹಗಲೆಲ್ಲ ನಡಿಗೆ, ರಾತ್ರಿ ತಂಗಿದಲ್ಲಿ ಹಾಡು. ತಾಳುಬೆಟ್ಟದ ಬಳಿ ಏರು ಮೊದಲಾದಾಗ ಉಘೇ ಎನ್ನುವ ಘೋಷಕ್ಕೆ ಗುಡ್ಡರ ಕಂಸಾಳೆಯು ಲಯವನ್ನು ಕೊಡುತ್ತಿದ್ದಿತು. ಹಾಡಿನಲ್ಲಿ ಮಾದಪ್ಪನು ನಡೆದ ದಾರಿಯನ್ನೇ ಭಕ್ತರು ತಮ್ಮ ಕಾಲಿನಿಂದ ನಡೆಯುತ್ತಿದ್ದುದರಿಂದ, ಕಥೆಯ ಒಂದೊಂದು ಊರೂ ಅವರಿಗೆ ಕಣ್ಣೆದುರಿನ ಊರಾಗಿತ್ತು.

20ನೆಯ ಶತಮಾನದ ಉತ್ತರಾರ್ಧದಲ್ಲಿ ಈ ಸ್ಥಿತಿಯು ಬದಲಾಯಿತು. ಬಸ್ಸುಗಳು ಬೆಟ್ಟದ ಮೇಲಕ್ಕೆ ಏರತೊಡಗಿದವು. ವೃದ್ಧರಿಗೂ ಅಶಕ್ತರಿಗೂ ದೇವರ ದರ್ಶನವು ಸುಲಭವಾಯಿತು. ಇದು ಸಂತೋಷಪಡತಕ್ಕ ವಿಷಯವೇ ಸರಿ. ಆದರೆ ದಿನಗಳ ದಾರಿಯು ಗಂಟೆಗಳ ದಾರಿಯಾದಾಗ ನಡುವಣ ತಂಗುದಾಣಗಳು ಬರಿದಾದವು. ತಂಗುದಾಣದ ರಾತ್ರಿಗಳು ಇಲ್ಲವಾದಂತೆ ಹಾಡಿಗೆ ದೊರೆಯುತ್ತಿದ್ದ ಬಿಡುವೂ ಇಲ್ಲವಾಯಿತು. ಇಂದಿಗೂ ಕಾಲ್ನಡೆಯಿಂದಲೇ ಬೆಟ್ಟವನ್ನೇರುವ ಭಕ್ತರು ಸಾವಿರಾರು ಮಂದಿಯಿದ್ದಾರೆ. ಅವರ ಜೊತೆಗೆ ರಾತ್ರಿಯಿಡೀ ಹಾಡಬಲ್ಲ ಗುಡ್ಡರು ಮಾತ್ರ ಹಿಂದಿನಷ್ಟಿಲ್ಲ. ವೀರಪ್ಪನ್ ಎಂಬ ಕಾಡುಗಳ್ಳನ ಹಾವಳಿಯು 2004ರಲ್ಲಿ ಅವನ ಮರಣದೊಂದಿಗೆ ಕೊನೆಗೊಳ್ಳುವವರೆಗೆ ಹಲವು ವರ್ಷಗಳ ಕಾಲ ಈ ಮಲೆಗಳ ಮೇಲೆ ಭಯದ ನೆರಳನ್ನು ಹಾಸಿದ್ದಿತು.

ಅದೇ ಕಾಲದಲ್ಲಿ ಮತ್ತೊಂದು ಕಡೆಯಿಂದ ಹಾಡಿಗೆ ಉಪಕಾರವೂ ಒದಗಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಅಧ್ಯಯನ ಸಂಸ್ಥೆಯು 1966ರಲ್ಲಿ ಆರಂಭವಾಗಿ, ಜನಪದ ಸಾಹಿತ್ಯಕ್ಕೆ ಶಾಸ್ತ್ರೀಯ ಅಧ್ಯಯನದ ಗೌರವವು ದೊರೆಯಿತು. 1970ರ ದಶಕದಲ್ಲಿ ಪಿ. ಕೆ. ರಾಜಶೇಖರ ಅವರು ಮಾದೇಶ್ವರನ ಕಾವ್ಯವನ್ನು ಸಂಗ್ರಹಿಸಿ ಪ್ರಕಟಿಸಿದರು. 1997ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಕೆ. ಕೇಶವನ್ ಪ್ರಸಾದ್ ಅವರ ಸಂಪಾದಕತ್ವದಲ್ಲಿ ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಮಲೆ ಮಾದೇಶ್ವರ ಕಾವ್ಯವನ್ನು ಬೃಹತ್ ಸಂಪುಟವಾಗಿ ಹೊರತಂದಿತು. 2001ರಲ್ಲಿ ಸಿ. ಎನ್. ರಾಮಚಂದ್ರನ್ ಮತ್ತು ಎಲ್. ಎನ್. ಭಟ್ಟರು ಮಾಡಿದ ಅದರ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿಯು ಪ್ರಕಟಿಸಿತು. ಜೋಳಿಗೆಯ ಹಾಡುಗಾರನೊಬ್ಬನ ಹೆಸರು ಗ್ರಂಥದ ಮುಖಪುಟದ ಗೌರವಕ್ಕೆ ಪಾತ್ರವಾದುದು ಕನ್ನಡದ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ. ಆವರೆಗೆ ಎಷ್ಟು ತಲೆಮಾರಿನ ಗುಡ್ಡರು ಹೆಸರನ್ನೇ ಉಳಿಸದೆ, ಹಾಡನ್ನು ಮಾತ್ರ ಉಳಿಸಿ ಮಣ್ಣಾದರೋ ಬಲ್ಲವರಾರು!

ಆದರೂ ಅಚ್ಚಾದ ಪುಸ್ತಕವು ಒಬ್ಬ ಗಾಯಕನು ಒಂದು ಕಾಲದಲ್ಲಿ ಹಾಡಿದ ಹಾಡಿನ ಪ್ರತಿಬಿಂಬವೇ ಹೊರತು ಹಾಡಿನ ಬದಲಿಯಲ್ಲ. ಬೇರೊಂದು ಹಳ್ಳಿಯ ಗುಡ್ಡನು ಅದೇ ಸಾಲನ್ನು ಬೇರೆ ರೀತಿಯಲ್ಲಿ ಬೆಳೆಸುವನು. ಒಂದೆಡೆ ಸಂಕ್ಷೇಪಿಸಿ, ಇನ್ನೊಂದೆಡೆ ಕೇಳುಗರ ಮನವನ್ನರಿತು ವಿಸ್ತರಿಸುವನು. ಈ ಬೆಳವಣಿಗೆಯು ನಿಂತರೆ ಕಾವ್ಯವು ಉಳಿದೀತು, ಕಾವ್ಯವನ್ನು ಕಟ್ಟುವ ಶಕ್ತಿಯು ಉಳಿಯಲಾರದು. ಧ್ವನಿಸುರುಳಿಗಳು ಬಂದ ಮೇಲೆ ಹಾಡನ್ನು ಅರ್ಧ ಗಂಟೆಯ ಅಳತೆಗೆ ಕತ್ತರಿಸಬೇಕಾಯಿತು. ರಂಗಸ್ಥಳಗಳಲ್ಲಿಯೂ ಮೆರವಣಿಗೆಗಳಲ್ಲಿಯೂ ಬೀಸು ಕಂಸಾಳೆಯು ಬಹಳ ಜನಪ್ರಿಯವಾಯಿತು. ಅದರ ಸೊಗಸನ್ನು ಅಲ್ಲಗಳೆಯತಕ್ಕವರು ಯಾರೂ ಇಲ್ಲ. ಆದರೆ ಹತ್ತು ನಿಮಿಷಗಳ ಕುಣಿತಕ್ಕೆ ಚಪ್ಪಾಳೆಯನ್ನು ತಟ್ಟಿದವರಲ್ಲಿ ಸಂಕಮ್ಮನ ಸಾಲನ್ನು ಪೂರ್ಣವಾಗಿ ಕೇಳಿದವರು ವಿರಳ. ಹೀಗೆ ಮೈಯ ಕಲೆಯು ಮುಂದೆ ಬಂದು ಮಾತಿನ ಕಲೆಯು ಹಿಂದೆ ಸರಿಯಿತು.

ಇದಕ್ಕಿಂತಲೂ ಆಳವಾದ ಬದಲಾವಣೆಯು ದೀಕ್ಷೆಯ ವಿಷಯದಲ್ಲಿ ನಡೆದಿದೆ. ತರುಣರು ಕಂಸಾಳೆಯನ್ನು ಕಲೆಯೆಂದು ಕಲಿಯಲು ಸಿದ್ಧರು. ಜೋಳಿಗೆಯನ್ನು ಹೊರಲು ಹಿಂಜರಿಯುವರು. ಶಾಲೆಯಲ್ಲಿ ಕಲಿತ ಮಗನು ಬಾಗಿಲುಬಾಗಿಲಿಗೆ ಹೋಗಿ ನಿಲ್ಲುವುದನ್ನು ಮನೆಯವರೂ ಬಯಸರು. ಅವರನ್ನು ದೂಷಿಸುವುದು ನ್ಯಾಯವಲ್ಲ. ತಲೆಮಾರುಗಳ ಕಾಲ ಊರಿನವರು ಗುಡ್ಡನ ಹಾಡಿಗೆ ಕೈಮುಗಿದು ಗುಡ್ಡನ ಕುಲವನ್ನು ಹೊರಬಾಗಿಲಲ್ಲಿಯೇ ನಿಲ್ಲಿಸಿದರು. ವ್ರತವೆಂದು ಅವನು ಕೈಗೊಂಡ ಭಿಕ್ಷೆಯನ್ನು ದಾರಿದ್ರ್ಯವೆಂದು ಕಂಡವರೂ ಉಂಟು. ಜಂಗಮನೇ ಭಿಕ್ಷುಕನಾಗಿ ಬಂದು ಸಿರಿವಂತರ ಗರ್ವವನ್ನು ಮುರಿದ ಕಥೆಯನ್ನು ರಾತ್ರಿ ಕೇಳಿ, ಬೆಳಗಾದ ಮೇಲೆ ಕಥೆ ಹೇಳಿದವನನ್ನೇ ಕಡೆಗಣಿಸಿದರೆ ಆ ಕಥೆಯನ್ನು ಕೇಳಿದ ಫಲವೇನು? ಕಲಿಯುವವರು ಕಡಮೆಯಾದುದಕ್ಕೆ ಕಾಲದ ಮಹಿಮೆಯೊಂದೇ ಕಾರಣವಲ್ಲ. ಕೇಳಿದವರ ನಡತೆಯೂ ಕಾರಣವಾಗಿದೆ.

ಮಠಗಳಿಗೆ ಈ ವಿಷಯದಲ್ಲಿ ವಿಶೇಷವಾದ ಋಣವಿರುತ್ತದೆ. ಸುತ್ತೂರು, ಕುಂತೂರು, ಸಾಲೂರು ಎಂಬ ಹೆಸರುಗಳನ್ನು ಊರೂರಿನ ಗುಡಿಸಿಲುಗಳಲ್ಲಿ ನಿತ್ಯಸ್ಮರಣೀಯವಾಗಿ ಮಾಡಿದವರು ಈ ಗುಡ್ಡರೇ. ಅವರು ಹಾಡಿದುದು ಬರಿಯ ಹೊಗಳಿಕೆಯನ್ನಲ್ಲ. ಬಾಲಕನಾದ ಮಹದೇಶ್ವರನಿಗೆ ಮಠದಲ್ಲಿ ದೊರೆತುದು ಪೀಠವಲ್ಲ, ಬೀಸುವ ಕಲ್ಲು ಎಂಬುದನ್ನು ಅವರು ಮುಚ್ಚಿಡದೆ ಹಾಡಿದರು. ಬೀಸುವ ಕಲ್ಲಿನ ಮುಂದೆ ಕುಳಿತವನೇ ಮುಂದೆ ಏಳುಮಲೆಯ ಒಡೆಯನಾದನೆಂಬ ಕಥೆಯಲ್ಲಿ ಮಠಗಳಿಗೆ ಒಂದು ಎಚ್ಚರಿಕೆಯೂ ಅಡಗಿದೆ. ಇಂದು ದಾಸೋಹದ ಮನೆಯಲ್ಲಿ ದುಡಿಯುವವನು ಯಾರೆಂದು ಬಲ್ಲವರಿಲ್ಲ. ಆದಕಾರಣ ಯಾರನ್ನೂ ಕೀಳೆಂದು ಕಾಣಲಾಗದು. ಗ್ರಂಥಗಳು ಮರೆತ ಇಂತಹ ಮಾತನ್ನು ಹಾಡು ಮರೆಯಲಿಲ್ಲ. ಇದನ್ನು ನೆನಪಿನಲ್ಲಿಟ್ಟು ಮಠದ ಬಾಗಿಲಿಗೇ ತಂದು ಹೇಳತಕ್ಕ ಧೈರ್ಯವು ಗುಡ್ಡನದು. ಕುಳಿತು ಕೇಳತಕ್ಕ ಹಿರಿಮೆಯು ಮಠದ್ದು.

ಹೀಗಿರುವಲ್ಲಿ ಮಾಡತಕ್ಕ ಕಾರ್ಯವು ದೊಡ್ಡ ಧನವ್ಯಯದ್ದಲ್ಲ. ಹಾಡಿಗೆ ಬೇಕಾದುದು ರಾತ್ರಿಗಳು. ಮಠಗಳ ಜಾತ್ರೆ ಉತ್ಸವಗಳಲ್ಲಿ ಭಾಷಣಗಳ ನಡುವೆ ಹತ್ತು ನಿಮಿಷಗಳನ್ನಲ್ಲದೆ, ಒಂದು ಸಾಲನ್ನು ಮೊದಲಿನಿಂದ ಕೊನೆಯವರೆಗೆ ಹಾಡುವಷ್ಟು ಹೊತ್ತನ್ನು ಗುಡ್ಡರಿಗೆ ಕೊಡುವುದು. ಹಿರಿಯ ಗಾಯಕನ ಹಿಮ್ಮೇಳದಲ್ಲಿ ಇಬ್ಬರು ಬಾಲಕರಿಗೆ ಸ್ಥಾನವಿರುವಂತೆ ನೋಡಿಕೊಳ್ಳುವುದು. ಅವರು ಶಾಲೆಯನ್ನೂ ಬಿಡದೆ ಹಾಡನ್ನೂ ಬಿಡದೆ ಬೆಳೆಯಲು ಅನ್ನವಸತಿಗಳನ್ನು ಒದಗಿಸುವುದು. ಹಾಡಿದವನನ್ನು ಪಂಕ್ತಿಯಲ್ಲಿ ಕರೆದು ಕೂಡಿಸಿಕೊಳ್ಳುವುದು. ಇಷ್ಟು ನಡೆದರೆ ದೀಕ್ಷೆಯ ಗೌರವವು ಮರಳಿ ಬಂದೀತು. ಜೋಳಿಗೆಯು ನಾಚಿಕೆಯ ಗುರುತಾಗದೆ ವ್ರತದ ಗುರುತಾಗಿ ಉಳಿದೀತು.

ಗುಡ್ಡನ ಕೈಯಲ್ಲಿರುವುದು ಎರಡು ತುಂಡು ಕಂಚು, ಹೆಗಲಲ್ಲಿರುವುದು ಒಂದು ಬಟ್ಟೆಯ ಜೋಳಿಗೆ. ಇವಿಷ್ಟರಿಂದಲೇ ಅವನ ಹಿರಿಯರು ಅರಸೊತ್ತಿಗೆಗಳು ಬದಲಾದಾಗಲೂ ಪ್ರಾಂತಗಳು ಬದಲಾದಾಗಲೂ ಶಿವನ ಹೆಸರನ್ನೂ ಕನ್ನಡದ ನುಡಿಯನ್ನೂ ಏಳುಮಲೆಗಳ ಉದ್ದಕ್ಕೂ ಹೊತ್ತು ನಡೆದರು. ಆ ಭಾರವನ್ನು ಇನ್ನು ಮುಂದೆ ಅವನೊಬ್ಬನೇ ಹೊರತಕ್ಕದ್ದಲ್ಲ. ಕೇಳುವ ಕಿವಿ, ಉಣಿಸುವ ಕೈ, ಗೌರವಿಸುವ ಮನಸ್ಸು ಇವು ಭಕ್ತರ ಪಾಲಿನ ಸೇವೆ. ಆ ಸೇವೆಗೆ ಶರಣಸಮೂಹವು ಮನಸ್ಸು ಮಾಡಲೆಂದೂ, ಮಾದಪ್ಪನ ಹಾಡು ಮುಂದಿನ ಮಕ್ಕಳ ಕಂಠದಲ್ಲಿಯೂ ನೆಲೆಸಲೆಂದೂ ಹಾರೈಸುವುದು ಈ ಶುಭಸಮಯಕ್ಕೆ ಉಚಿತವಾಗಿದೆ.